ಅವಳ ಮಾತು ಮುಗಿಯಲಿ

ಬೀಜಾಡಿ
1 ಫೆಬ್ರವರಿ 2025

ಇವರಿಗೆ,

ಮದುವೆಯಾಗಿ ಇಪ್ಪತ್ತೆರಡು ವರ್ಷವಾಯಿತು, ನಿಮಗೆ ಕಾಗದ ಬರೆಯುತ್ತಿರುವುದು ಇದೇ ಮೊದಲು. ಬ್ರಹ್ಮಾವರದ ನನ್ನ ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ರಜೆ ಅರ್ಜಿ ಬರೆಯುವುದು ಕಲಿಸಿದ್ದರು. ಗಂಡನಿಗೆ ಕಾಗದ ಬರೆಯುವಾಗ ಮೇಲೆ ಏನು ಹಾಕಬೇಕೆಂದು ಕಲಿಸಿರಲಿಲ್ಲ. ತಪ್ಪಿದ್ದರೆ ಹೊಂದಿಸಿಕೊಂಡು ಓದಿ.

ನಿಮ್ಮ ಫೋನನ್ನು ಕುಲದೈವದ ಮೂಲಸ್ಥಾನದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ್ದಾರೆಂದು ಗೊತ್ತಾದ ಮೇಲೆ ಅಲ್ಲಿಯ ಯಜಮಾನರಾದ ವೆಂಕಟ ಗುರಿಕಾರರಿಗೇ ಫೋನ್ ಮಾಡಿದೆ. "ವ್ರತದಲ್ಲಿಪ್ಪರ್ ಫೋನ್ ಮುಟ್ಟೂಕಾಗ. ಹೆಂಡ್ತಿ ಮಂಡಲ ಮುಗಿವರಿಗೆ ಇಲ್ಲಿಗೆ ಬಪ್ಪೂಕಾಗ" ಎಂದರು. ಕಾಗದ ಬರೆಯಬಹುದಾ ಎಂದು ಕೇಳಿದೆ. "ಕಾಗ್ದದ್ ಸುದ್ದಿ ಹಿರಿಯರ್ ಎಂತದೂ ಹೇಳಿರ್ಲಿಲ್ಲೆ. ಬರಿ ಹೆಣೆ, ಬರಿ" ಎಂದು ನಕ್ಕರು. ಐಸ್ ಲಾರಿ ಓಡಿಸುವ ಗುಡ್ಡ ವಾರಕ್ಕೆರಡು ಸಲ ಕೊಡೇರಿ ಬಂದರಿಗೆ ಐಸ್ ಹಾಕಲು ಹೋಗುತ್ತಾನಲ್ಲ, ಹೋಗುವಾಗ ಅಲ್ಲಿ ಕೊಟ್ಟು ಹೋಗುತ್ತಾನಂತೆ. "ಅಕ್ಕಾ, ಇದ್ ಲವ್ ಲೆಟರಾ?" ಎಂದು ಕೇಳಿದ. "ಅಲ್ಲ, ಬ್ಲಡ್ ರಿಪೋರ್ಟ್" ಎಂದೆ.

ನಿಜವಾಗಿ ಇದು ಒಂದು ಪ್ರಶ್ನೆ.

ಮೂಲಸ್ಥಾನದಲ್ಲಿ ವರ್ಷದ ಪೂಜೆಯಾದ ಆ ದಿನದ ಮಧ್ಯಾಹ್ನವನ್ನು ನಾನು ಎಷ್ಟು ಸಲ ಮನಸ್ಸಿನಲ್ಲಿ ಹಿಂದೆ ತಿರುಗಿಸಿ ನೋಡಿದ್ದೇನೋ. ಮಂಗಳಾರತಿ ಆಗುತ್ತಿತ್ತು. ಚಂದಯ್ಯ ಮಾವ ತೀರಿಕೊಂಡ ಮೇಲೆ ಬೊಬ್ಬರ್ಯನಿಗೆ ಪಾತ್ರಿ ಇಲ್ಲ. ದೈವ ಇನ್ನು ಯಾರ ಮೈಮೇಲೆ ಬರುತ್ತದೆ, ಯಾರ ಬಾಯಲ್ಲಿ ನುಡಿ ಕೊಡುತ್ತದೆ ಎಂದು ನಿಮ್ಮ ತಾಯಿಯ ಬಳಿಯ ಕುಟುಂಬದವರೆಲ್ಲ ಕಾಯುತ್ತಿದ್ದರು. ನಾನು ಮಾತ್ರ ಊಟಕ್ಕೆ ಎಷ್ಟು ಹೊತ್ತಾಗುತ್ತದೋ ಎಂದು ಕಾಯುತ್ತಿದ್ದೆ. ಆಗ ಕಂಬದ ಬದಿಯಲ್ಲಿ ನಿಂತಿದ್ದ ನೀವು ನಡುಗತೊಡಗಿದಿರಿ. ನಾನು ಲ್ಯಾಬಿನವಳು. ನನ್ನ ಕಣ್ಣಿಗೆ ಕಂಡದ್ದು ಬೆವರು, ನಡುಕ, ಬೆಳಗಿನಿಂದ ಉಪವಾಸವಿದ್ದ ಸಕ್ಕರೆ ಕಾಯಿಲೆಯ ಮನುಷ್ಯ. "ಶುಗರ್ ಲೋ ಆಯಿತ್, ಗಾಳಿ ಬಿಡಿ, ಬೆಲ್ಲದ್ ನೀರ್ ತನ್ನಿ" ಎಂದು ಕೂಗುತ್ತ ಗಂಡಸರ ಸಾಲು ದಾಟಿ ಒಳಗೆ ಬಂದೆ.

ಆಗ ನಿಮ್ಮ ಬಾಯಿಂದ ಒಂದು ಸ್ವರ ಬಂತು. ನಿಮ್ಮದೇ ಗಂಟಲು, ಆದರೆ ಅಷ್ಟು ಗಟ್ಟಿಯಾಗಿ ನೀವು ಮಾತಾಡಿದ್ದನ್ನು ನಾನು ಕೇಳಿದವಳಲ್ಲ. "ಅವ್ಳ್ ಮಾತ್ ಮುಗಿಲಿ. ಅಲ್ಲಿವರಿಗೆ ನಾ ಕಾಯ್ತೆ."

ಜನ ನಕ್ಕರು. ಕೈಮುಗಿದುಕೊಂಡೇ ನಕ್ಕರು. ನಾನು ಬೆಲ್ಲದ ನೀರಿನ ಲೋಟ ಹಿಡಿದುಕೊಂಡು ನಡುವಿನಲ್ಲಿ ನಿಂತಿದ್ದೆ. ಆಮೇಲೆ ನಿಮ್ಮನ್ನು ಹೊಸ ಪಾತ್ರಿಯೆಂದು ಮಂಡಲದ ವ್ರತಕ್ಕೆ ಅಲ್ಲೇ ಉಳಿಸಿಕೊಂಡರು.

ಆ ಮಾತು ಯಾರದು? ದೈವದ್ದಾದರೆ ತಲೆಬಾಗುತ್ತೇನೆ. ನಿಮ್ಮದಾದರೆ ಅದಕ್ಕೆ ನಾನು ಉತ್ತರ ಕೊಡಬೇಕು. ಎರಡೂ ನನ್ನಿಂದ ಆಗುತ್ತದೆ. ಯಾರದೆಂದು ತಿಳಿಯದೆ ಇರುವುದು ಮಾತ್ರ ಆಗುವುದಿಲ್ಲ.

ಮಾತ್ರೆ ತಪ್ಪಿಸಬೇಡಿ. ದಿವ್ಯಾ ಹಾಸ್ಟೆಲಿನಿಂದ ಫೋನ್ ಮಾಡಿದಾಗಲೆಲ್ಲ "ಅಪ್ಪ ಇನ್ನು ದೇವರಾ?" ಎಂದು ಕೇಳುತ್ತಾಳೆ. ಏನು ಹೇಳಲಿ?

ರಮಿತಾ


ಮೂಲಸ್ಥಾನ, ಬೈಂದೂರು
9 ಫೆಬ್ರವರಿ 2025

ರಮಿತಾ,

ಕಾಗದ ಸಿಕ್ಕಿತು. ನಾನು ಹುಷಾರಿದ್ದೇನೆ. ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ.

ಇಲ್ಲಿ ನನ್ನ ಅಡುಗೆ ನಾನೇ ಮಾಡಬೇಕು. ಮೊದಲ ದಿನ ಗಂಜಿ ತಳ ಹಿಡಿಯಿತು. ಬೇಬಿಯತ್ತೆ ಅಂಗಳದಲ್ಲೇ ನಿಂತು ನಗುವುದು, "ಪಾತ್ರಿ ಆಪೂಕ್ ಮೊದ್ಲ್ ಅಡ್ಗಿ ಭಟ್ರ್ ಆಯ್ಕ್ ಮಗಾ" ಅಂತ. ಚಂದಯ್ಯ ಮಾವ ಹೋದ ಮೇಲೆ ಅವರು ಪಕ್ಕದ ಮನೆಯಲ್ಲಿ ಒಬ್ಬರೇ ಇದ್ದಾರೆ. ಈಗ ಗಂಜಿ ಚೆನ್ನಾಗಿ ಆಗುತ್ತದೆ. ಇಲ್ಲಿನ ಪಂಪ್ ಕೆಟ್ಟಿತ್ತು, ಬಿಚ್ಚಿ ಸರಿ ಮಾಡಿದೆ. ವ್ರತದಲ್ಲಿ ಸ್ಪ್ಯಾನರ್ ಹಿಡಿಯಬಾರದು ಅಂತ ಯಾರೂ ಹೇಳಲಿಲ್ಲ. ಗಂಗೊಳ್ಳಿ ಬಂದರದಲ್ಲಿ ನನ್ನ ಇಂಜಿನ್ ಕೆಲಸ ಭೋಜ ನೋಡಿಕೊಳ್ಳುತ್ತಾನೆ.

ನೀನು ಕೇಳಿದ್ದಕ್ಕೆ. ಆ ದಿನದ್ದು ನನಗೆ ನೆನಪಿಲ್ಲ. ಜಾಗಟೆ ಕೇಳಿದ್ದು ಗೊತ್ತು, ಮತ್ತೆ ಬೆಲ್ಲದ ನೀರು ಕುಡಿದದ್ದು ಗೊತ್ತು. ನಡುವೆ ಎಂತದೂ ಇಲ್ಲ. ಪಾತ್ರಿಗೆ ನೆನಪು ಇರಬಾರದು. ನೆನಪಿದ್ದರೆ ಅದು ದೈವ ಮೈಮೇಲೆ ಬಂದ ದರ್ಶನವೇ ಅಲ್ಲ ಅಂತ ಗುರಿಕಾರರು ಹೇಳುತ್ತಾರೆ. ಅಂಥವನಿಗೆ ಪಾತ್ರಿಯ ಕಡಗ ಹಾಕುವುದಿಲ್ಲ.

ಕಡಗ ಹಾಕುವುದು ಮಾರ್ಚ್ 16, ಭಾನುವಾರ ಬೆಳಿಗ್ಗೆ. ಇಲ್ಲಿಯ ಕ್ರಮ ಹೀಗೆ. ಪಾತ್ರಿಯ ಹೆಂಡತಿ ಅವಳ ಮನೆ ಬಾವಿಯ ನೀರನ್ನು ತಾಮ್ರದ ಕೊಡಪಾನದಲ್ಲಿ ತರಬೇಕು. ಬಳಿಯವರ ಎದುರು ಒಪ್ಪಿಗೆ ಉಂಟು ಅಂತ ಹೇಳಿ ಅವನ ಕೈಗೆ ಹೊಯ್ಯಬೇಕು. ಆ ನೀರು ಬೀಳದೆ ಕಡಗ ಇಲ್ಲ.

ಆಮೇಲೆ ಮನೆಯಲ್ಲಿ ಕೆಲವು ಕ್ರಮ ಉಂಟು. ಮಂಗಳವಾರ, ಸಂಕ್ರಾಂತಿಗೆ ಮೀನು ಇಲ್ಲ. ದರ್ಶನದ ಮುಂಚಿನ ದಿನ ನನ್ನ ಅಡುಗೆ ಬೇರೆ, ಮಲಗುವುದೂ ಬೇರೆ. ನಿನ್ನ ಆ ಮೂರು ದಿನ ನೀನು ಹೊರಗಿನ ಕೋಣೆಯಲ್ಲಿ ಇರಬೇಕಾಗುತ್ತದೆ. ನಿನಗೆ ಹಿಡಿಸುವುದಿಲ್ಲ ಗೊತ್ತು. ಸ್ವಲ್ಪ ಹೊಂದಿಕೊಂಡರೆ ಆಗುತ್ತದೆ.

ಗೋವರ್ಧನ


ಬೀಜಾಡಿ
14 ಫೆಬ್ರವರಿ 2025

ಇವರಿಗೆ,

ನಿಮ್ಮ ಕಾಗದ ಓದಿದೆ. ಕೊಡಪಾನ ಹೊತ್ತುಕೊಂಡು ಬಂದು ನಿಮ್ಮ ಕೈಗೆ ನೀರು ಹೊಯ್ಯಲು ನನ್ನಿಂದ ಆಗುವುದಿಲ್ಲ. ಹೊಂದಿಕೊಳ್ಳಬೇಕು ಎಂಬ ಮಾತನ್ನು ಮದುವೆಯ ದಿನದಿಂದ ಕೇಳುತ್ತಿದ್ದೇನೆ. ಹೇಳಿದವರು ಯಾರೂ ಯಾವುದಕ್ಕೆ, ಎಲ್ಲಿಯವರೆಗೆ ಎಂದು ಹೇಳಲಿಲ್ಲ.

ಇಷ್ಟು ಬರೆದು ಪೆನ್ನು ಮುಚ್ಚಿ ಲ್ಯಾಬಿಗೆ ಹೋಗಿದ್ದೆ. ಈಗ ಸಂಜೆ. ದೀಪ ಹಚ್ಚಿ ಮತ್ತೆ ಕೂತಿದ್ದೇನೆ. ಬರೆದದ್ದನ್ನು ಹರಿಯುವುದಿಲ್ಲ, ಬೆಳಿಗ್ಗೆ ಅದು ನಿಜವೇ ಆಗಿತ್ತು. ಆದರೆ ನಡುವೆ ಬೇಬಿಯತ್ತೆ ಬಂದಿದ್ದರು.

ಶುಗರ್ ನೋಡಿಸಲು ಎಂದರು. ಬೈಂದೂರಿನಲ್ಲಿ ಲ್ಯಾಬ್ ಇಲ್ಲವಾ ಎಂದು ಕೇಳಿದರೆ, "ಅಲ್ಲಿಯರ್ ಚುಚ್ಚಿರೆ ನೋಯ್ತ್, ನೀ ಚುಚ್ಚಿರೆ ನೋತಿಲ್ಲೆ" ಎಂದರು. ಬಂದ ಕಾರಣ ಬೇರೆ ಎಂದು ಅವರಿಗೂ ಗೊತ್ತು, ನನಗೂ ಗೊತ್ತು. ರಕ್ತ ತೆಗೆದು ಹತ್ತಿ ಒತ್ತಿ ಹಿಡಿದಿದ್ದೆ. ಅವರೇ ಶುರು ಮಾಡಿದರು.

"ಹೆಣೆ, ನೀರ್ ಹೊಯ್ಯೂಕ್ ಎಂತಕ್ ಹೆದ್ರುದ್? ನಾನೂ ಹೊಯ್ದವ್ಳೇ."

"ಹೊಯ್ದ ಮೇಲೆ ಮಾವ ನಿಮ್ಮ ಗಂಡನೇ ಆಗಿ ಉಳಿದ್ರಾ?" ಎಂದು ಕೇಳಿದೆ.

"ದರ್ಶನ ಮುಗ್ಸಿ ಮನಿಗ್ ಬಂದ್, 'ಬೇಬಿ, ನಾ ಎಂತ ಹೇಳ್ದೆ?' ಅಂದೇಳಿ ಕೇಂತಿದ್ರ್. ಅವ್ರಿಗ್ ಎಂತದೂ ನೆನಪಿರ್ತಿರ್ಲಿಲ್ಲೆ. ನಾ ಹೇಳದ್ದೇ ಅವ್ರ್ ಹೇಳದ್ದ್."

"ನೀವು ಎಲ್ಲಾ ಸರಿಯಾಗಿ ಹೇಳ್ತಿದ್ರಾ?"

ಅತ್ತೆ ಹತ್ತಿ ಎಸೆದು ಸೆರಗು ಸರಿ ಮಾಡಿಕೊಂಡರು. "ಎಲ್ಲಾ ಹೇಳೂಕ್ ನಂಗೆಂತ ಹುಚ್ಚಾ? ನಂಗೆ ಬೇಕಾದ್ದ್ ಹೇಳ್ತಿದ್ದೆ. ನನ್ ತಮ್ಮನ್ ಜಾಗ್ಯ ತಕರಾರ್ ಹಾಂಗೇ ಮುಗ್ದದ್ದ್." ನಕ್ಕರು. ಎದ್ದು ನಿಂತು, "ನೀ ಮಾತ್ ಬಲ್ಲವ್ಳ್. ನಿಂಗೆ ಇನ್ನೂ ಸಸಾರ" ಎಂದರು.

ಅವರು ಹೋದ ಮೇಲೆ ಬಹಳ ಹೊತ್ತು ಕೆಲಸ ಓಡಲಿಲ್ಲ. ನನಗೆ ಹೆದರಿಕೆಯಾದದ್ದು ನಿಮ್ಮ ಕಡಗಕ್ಕಲ್ಲ, ಅತ್ತೆಯ ಆ ನಗುವಿಗೆ. ಅಲ್ಲಿ ನನಗೊಂದು ಕುರ್ಚಿ ತಯಾರಿತ್ತು. ಅದರಲ್ಲಿ ಕೂರಲು ಆಸೆಯೂ ಆಯಿತು, ಸುಳ್ಳು ಹೇಳುವುದಿಲ್ಲ.

ನಾನು ನಂಬದವಳೆಂದು ನೀವು ತಿಳಿದಿದ್ದೀರಿ. ದಿನಾ ಸಂಜೆ ದೀಪದ ಮುಂದೆ ಕೂರುತ್ತೇನಲ್ಲ, ಆಗ ನಾನು ಏನನ್ನೂ ಬೇಡುವುದಿಲ್ಲ. ಸುಮ್ಮನಿರುತ್ತೇನೆ. ಇಡೀ ದಿನದಲ್ಲಿ ನಾನು ಸುಮ್ಮನಿರುವುದು ಅಲ್ಲಿ ಮಾತ್ರ. ನೀವು ಇಡೀ ದಿನ ಸುಮ್ಮನಿರುತ್ತೀರಿ, ಬಾಯಿ ತೆರೆದದ್ದು ದೈವದ ಮುಂದೆ. ಹೀಗೆ ನೋಡಿದರೆ ನಾವಿಬ್ಬರೂ ಮನೆಯಲ್ಲಿ ಸಿಗದ್ದನ್ನು ಹುಡುಕಿಕೊಂಡು ಅಲ್ಲಿಗೆ ಹೋದವರೇ.

ಆದ್ದರಿಂದ ನನ್ನ ಮಾತು ಇದು. ಮಂಗಳವಾರ ಮೀನು ಬೇಡ, ಸರಿ. ನಿಮ್ಮ ಅಡುಗೆ ನೀವು ಮಾಡಿಕೊಳ್ಳಿ, ಸಂತೋಷ. ಬೇರೆ ಮಲಗುವುದು ನನಗೆ ಬೇಸರ, ಆದರೂ ಆಗಬಹುದು. ಆ ಮೂರು ದಿನ ಹೊರಗೆ ಕೂರುವುದಿಲ್ಲ. ನಾನು ದಿನಾ ಹತ್ತಾರು ಜನರ ರಕ್ತ ಮುಟ್ಟುವವಳು, ನನ್ನ ರಕ್ತಕ್ಕೆ ನಾನು ಹೇಸುವುದಿಲ್ಲ. ಮತ್ತೆ, ನನ್ನ ಪ್ರಶ್ನೆಗೆ ಉತ್ತರ ಕೊಡಿ. ಉತ್ತರ ಯಾವುದಾದರೂ ಸರಿ, ನಿಮ್ಮದಾಗಿರಲಿ. ಕೊಟ್ಟರೆ ಕೊಡಪಾನ ತರುತ್ತೇನೆ.

ರಮಿತಾ


ಮೂಲಸ್ಥಾನ, ಬೈಂದೂರು
3 ಮಾರ್ಚ್ 2025

ರಮಿತಾ,

ಬರೆಯುವುದೇ ಬೇಡ ಅಂತ ಇದ್ದೆ. ಎರಡು ವಾರ ಬರೆಯಲಿಲ್ಲ. ಇವತ್ತು ಬರೆಯದಿದ್ದರೆ ಎದೆ ಒಡೆಯುತ್ತದೆ.

ನಿನ್ನ ಕಾಗದವನ್ನು ಗುಡ್ಡ ಐಸಿನ ಮೇಲೆ ಗೋಣಿಯ ಅಡಿಗೆ ಇಟ್ಟುಕೊಂಡು ಬಂದಿದ್ದ. ಯಾಕೆ ಮಾರಾಯ ಅಂದರೆ, "ಹಾಳಾಗ್ದೆ ಇರ್ಲಿ ಅಂದೇಳಿ ಐಸಲ್ ಇಟ್ಟದ್ದ್" ಅಂದ. ಮೀನಿನವನಿಗೆ ಬೇರೆ ಎಂತ ಗೊತ್ತು. ಮೇಲಿನ ನಾಲ್ಕು ಸಾಲು ಬಿಟ್ಟು ಉಳಿದದ್ದೆಲ್ಲ ನೀಲಿ ನೀರು. ಆ ನಾಲ್ಕು ಸಾಲೇ ಸಾಕಾಯಿತು. ನಿನ್ನಿಂದ ಆಗುವುದಿಲ್ಲ. ಸರಿ.

ಒಂದು ಕೇಳುತ್ತೇನೆ. ನೀನು ನನ್ನ ಬದಲು ಮಾತಾಡದ ಜಾಗ ಯಾವುದುಂಟು? ಡಾಕ್ಟರ ಹತ್ತಿರ ನನ್ನ ಹೊಟ್ಟೆನೋವನ್ನು ನೀನು ಹೇಳುತ್ತೀ. ನೀನು ಎಡಗಡೆ ಅಂತ ಹೇಳಿದೆ, ನೋವಿದ್ದದ್ದು ಬಲಗಡೆ. ದಿವ್ಯಾಳ ಕಾಲೇಜಿನಲ್ಲಿ "ಇವರ ಅಭಿಪ್ರಾಯವೂ ಇದೇ" ಅಂದೆ. ನನ್ನ ಅಭಿಪ್ರಾಯ ನನಗೇ ಗೊತ್ತಾದದ್ದು ಆಗ. ಅವಳನ್ನು ಅಷ್ಟು ದೂರ ಕಳಿಸುವುದು ನನಗೆ ಬೇಡವಾಗಿತ್ತು. ಬಂದರದಲ್ಲಿ ಭೋಜ ಎಲ್ಲರ ಎದುರು ಹೇಳುತ್ತಾನೆ, "ಹ್ವಾಯ್, ಗೋವರ್ಧನಂದ್ ಇಂಜಿನ್ ಇಲ್ಲಿತ್ತ್, ಹಾರ್ನ್ ಮನೇಲಿತ್ತ್" ಅಂತ. ಎಲ್ಲರೂ ನಗುತ್ತಾರೆ. ನಾನೂ ನಗುತ್ತೇನೆ.

ಇಲ್ಲಿ ನಾನು ಬಾಯಿ ತೆರೆದರೆ ಜನ ಸುಮ್ಮನಾಗುತ್ತಾರೆ. ನನ್ನ ಮಾತಿಗೆ ಕಾಯುತ್ತಾರೆ. ಕುಡಿಯಲು ನೀರು ಕೇಳಿದರೂ ಮೊದಲು ಪೂರ್ತಿ ಕೇಳಿಸಿಕೊಳ್ಳುತ್ತಾರೆ. ಈ ಪ್ರಾಯಕ್ಕೆ ಮೊದಲ ಸಲ. ಅದು ನಿನಗೆ ಸಣ್ಣದು. ನಿನ್ನ ಮಾತಿಗೆ ಯಾವಾಗಲೂ ಜನ ಇದ್ದರು.

ಬೆಳಿಗ್ಗೆ ಮಿಂದು ಒದ್ದೆ ಬಟ್ಟೆಯಲ್ಲಿ ದೈವದ ಎದುರು ನಿಂತರೆ ನಾನು ಯಾರ ಗಂಡನೂ ಅಲ್ಲ, ಯಾರ ಮೆಕ್ಯಾನಿಕನೂ ಅಲ್ಲ ಅನ್ನಿಸುತ್ತದೆ. ಆಗ ಮೈ ಹಗುರ ಆಗುತ್ತದೆ. ಅದನ್ನು ನಿನಗೆ ಹೇಳಬೇಕು ಅಂತ ಎಷ್ಟು ಸಲ ಅನ್ನಿಸಿತು. ಹೇಳಿದರೆ ನೀನು ಅದಕ್ಕೊಂದು ಹೆಸರು ಹೇಳಿಬಿಡುತ್ತೀ ಅಂತ ಹೆದರಿಕೆ.

ನೀರು ತರದಿದ್ದರೆ ಬೇಡ. ನಾನೂ ಮನೆಗೆ ಬರುವುದಿಲ್ಲ. ಕಡಗ ಇಲ್ಲದಿದ್ದರೂ ಇಲ್ಲಿ ದೀಪ ಹಚ್ಚಲು ಒಬ್ಬ ಬೇಕು.

ಗೋವರ್ಧನ


ಬೀಜಾಡಿ
5 ಮಾರ್ಚ್ 2025

ದಿವ್ಯಾಳ ಅಪ್ಪನಿಗೆ,

ಈ ಸಲ ಬಾಲ್ ಪೆನ್ನಿನಲ್ಲಿ ಬರೆಯುತ್ತಿದ್ದೇನೆ. ಸ್ಯಾಂಪಲ್ ಹಾಕುವ ಪ್ಲಾಸ್ಟಿಕ್ ಚೀಲದಲ್ಲಿ ಕಾಗದ ಹಾಕಿ ಬಾಯಿ ಒತ್ತಿದ್ದೇನೆ. ಐಸ್ ಮುಟ್ಟಿಸಿದರೆ ಇನ್ನು ಇಂಜೆಕ್ಷನ್ ಎಂದು ಗುಡ್ಡನಿಗೆ ಹೇಳಿದ್ದೇನೆ.

ಕರಗಿ ಹೋದದ್ದರಲ್ಲಿ ಇದ್ದದ್ದು ಇಷ್ಟು. ಆ ನಾಲ್ಕು ಸಾಲು ಬೆಳಗಿನದ್ದು. ಸಂಜೆ ಮತ್ತೆ ಬರೆದೆ. ಮೀನಿನ ವಿಷಯಕ್ಕೆ ಒಪ್ಪಿದೆ, ಅಡುಗೆಗೆ ಒಪ್ಪಿದೆ, ಹೊರಗೆ ಕೂರಲು ಒಪ್ಪಲಿಲ್ಲ. ಬೇಬಿಯತ್ತೆ ಲ್ಯಾಬಿಗೆ ಬಂದು, ಚಂದಯ್ಯ ಮಾವನಿಗೆ ಅವರ ಮಾತನ್ನು ತಾವು ಹೇಗೆ ನೆನಪು ಮಾಡಿಕೊಡುತ್ತಿದ್ದರೆಂದು ಹೇಳಿದ್ದನ್ನು, ಅವರ ಆ ಕುರ್ಚಿ ನನಗೂ ತಯಾರಿದೆ ಎಂದು ನಾನು ಹೆದರಿದ್ದನ್ನು ಬರೆದಿದ್ದೆ. ನನ್ನ ಪ್ರಶ್ನೆಗೆ ಉತ್ತರ ಕೊಟ್ಟರೆ ಕೊಡಪಾನ ತರುತ್ತೇನೆ ಎಂದು ಮುಗಿಸಿದ್ದೆ. ಎರಡು ವಾರ ನಿಮ್ಮಿಂದ ಏನೂ ಬರಲಿಲ್ಲ. ಉತ್ತರ ಕೊಡಲು ಮನಸ್ಸಿಲ್ಲ ಎಂದುಕೊಂಡೆ. ನಿಮ್ಮ ತಮ್ಮ ಯತೀಶ ಅಲ್ಲೇ ಇದ್ದಾನೆ, ಅವನಿಗೆ ಒಂದು ಫೋನ್ ಮಾಡಬಹುದಿತ್ತು. ಹಟ, ಮಾಡಲಿಲ್ಲ.

ಭೋಜನ ಹಾರ್ನ್ ಮಾತು ನನಗೆ ಗೊತ್ತಿರಲಿಲ್ಲ. ಒಳ್ಳೆಯ ಜೋಕು. ಓದಿ ನಕ್ಕೆ, ಆಮೇಲೆ ಊಟ ಸೇರಲಿಲ್ಲ.

ಹೊಟ್ಟೆನೋವು ಬಲಗಡೆ ಎಂದು ಅಲ್ಲೇ ಯಾಕೆ ಹೇಳಲಿಲ್ಲ ಎಂದು ಕೇಳಲು ಹೊರಟೆ. ಹೇಳಲು ನಾನು ಜಾಗ ಬಿಟ್ಟಿದ್ದೆನಾ ಎಂಬ ಪ್ರಶ್ನೆ ಹಿಂದೆಯೇ ಬಂತು. ಮದುವೆಯಾದ ಹೊಸದರಲ್ಲಿ ನನ್ನ ತವರಿನ ಜಗಲಿಯಲ್ಲಿ ನನ್ನ ದೊಡ್ಡಪ್ಪ ನಿಮ್ಮನ್ನು ಏನೋ ಕೇಳಿದರು. ನೀವು ಬಲಗೈ ಹೆಬ್ಬೆರಳಿನಿಂದ ಎಡಗೈಯನ್ನು ಒತ್ತುತ್ತ ನಿಂತಿರಿ. ನನಗೆ ನೋಡಲಾಗಲಿಲ್ಲ, ನಾನು ಉತ್ತರ ಹೇಳಿದೆ. ನಿಮ್ಮ ಮುಖ ಸಡಿಲಾಯಿತು. ಅದನ್ನೇ ನಾನು ಸಂಸಾರ ಎಂದುಕೊಂಡೆ. ನಿಮಗೆ ಕಷ್ಟವಾಗುವಲ್ಲಿ ನಾನು ನಿಲ್ಲುವುದು. ಇನ್ನೊಂದು ಕ್ಷಣ ಕಾದಿದ್ದರೆ ನೀವು ಏನು ಹೇಳುತ್ತಿದ್ದಿರಿ ಎಂದು ಈಗ ಯೋಚಿಸುತ್ತೇನೆ.

ಮತ್ತೆ ಒಂದು ವಿಷಯ ನಾನು ಯಾರಿಗೂ ಹೇಳಿಲ್ಲ. ಆ ದಿನ ನೀವು ಬೆಲ್ಲದ ನೀರು ಕುಡಿಯುವ ಮೊದಲೇ ನಾನು ಬ್ಯಾಗಿನಲ್ಲಿದ್ದ ಮೀಟರ್ ತೆಗೆದು ನಿಮ್ಮ ಬೆರಳು ಚುಚ್ಚಿ ನೋಡಿದ್ದೆ. ಶುಗರ್ ಸರಿಯಾಗಿಯೇ ಇತ್ತು. ಲೋ ಆಗಿರಲಿಲ್ಲ. ಹಾಗಾದರೆ ಅದು ಏನೆಂದು ನನಗೆ ಗೊತ್ತಿಲ್ಲ. ಅದಕ್ಕೆ ನಾನು ಹೆಸರು ಕೊಡುವುದಿಲ್ಲ, ಹೆದರಬೇಡಿ.

ನಿಮ್ಮ ಈ ಕಾಗದದಲ್ಲಿ ಮೊದಲ ಸಲ ನಿಮ್ಮ ಸ್ವರ ಕೇಳಿಸಿತು. ಸಿಟ್ಟಿನ ಸ್ವರ. ನಾನು ಮಂಗಳಾರತಿಯಲ್ಲಿ ಕೇಳಿದ್ದೂ ಅದೇ ಎಂದು ಅನುಮಾನ. ಅದಕ್ಕೆ ಮತ್ತೆ ಕೇಳುತ್ತೇನೆ. ಆ ಮಾತು ಯಾರದು?

ರಮಿತಾ


ಮೂಲಸ್ಥಾನ, ಬೈಂದೂರು
10 ಮಾರ್ಚ್ 2025

ಪ್ರೀತಿಯ ರಮಿತಾ,

ನಂದೇ.

ಈ ಒಂದು ಶಬ್ದ ಬರೆಯಲು ನಾಲ್ಕು ದಿನ ಬೇಕಾಯಿತು.

ನಡುಕ ನನ್ನದಲ್ಲ. ಅದನ್ನು ಯಾವ ದೇವರ ಮುಂದೆಯೂ ಆಣೆ ಮಾಡಿ ಹೇಳುತ್ತೇನೆ. ಬೋಟಿನ ಇಂಜಿನ್ ಹಿಡಿದಾಗ ಹಲಗೆಯೆಲ್ಲ ನಡುಗುತ್ತದಲ್ಲ, ಹಲಗೆಗೆ ಅದು ಗೊತ್ತಿರುವುದಿಲ್ಲ. ಕಾಲಡಿಯಿಂದ ಹಾಗೆ ಬಂತು. ಕಣ್ಣು ಮಂಜಾಯಿತು. ಆಮೇಲೆ ನಿನ್ನ ಸ್ವರ ಕೇಳಿತು. ಶುಗರು, ಬೆಲ್ಲ, ಗಾಳಿ ಬಿಡಿ. ಆಗ ನಾನು ಎಚ್ಚರಕ್ಕೆ ಬಂದೆ. ದೈವ ಇತ್ತೋ ಹೋಯಿತೋ ಗೊತ್ತಿಲ್ಲ. ಇವಳು ಇಲ್ಲಿಯೂ ಬಂದಳಾ ಅನ್ನಿಸಿತು. ಆ ಮಾತನ್ನು ಹೇಳುವಾಗ ನಾನೇ ಹೇಳುತ್ತಿದ್ದೇನೆ ಅಂತ ನನಗೆ ಗೊತ್ತಿತ್ತು. ಜನ ನಕ್ಕದ್ದೂ ಗೊತ್ತು. ನೀನು ಲೋಟ ಹಿಡಿದು ನಡುವೆ ನಿಂತದ್ದೂ ಕಂಡಿದೆ. ಎಲ್ಲ ನೆನಪಿದೆ.

ನೆನಪಿಲ್ಲ ಅಂತ ಬರೆದದ್ದು ಸುಳ್ಳು. ಮೊದಲು ಗುರಿಕಾರರಿಗೆ ಹೇಳಿದ ಸುಳ್ಳು, ಅದನ್ನೇ ನಿನಗೂ ಹೇಳಿದೆ. ಪೂರ್ತಿ ದರ್ಶನ ಆಗದವನು ಕಡಗ ಹಾಕಿಕೊಂಡರೆ ನಾಳೆ ಜನ ಬಂದು ಮಗಳ ಮದುವೆ, ಬೋಟು, ಕಾಯಿಲೆ ಅಂತ ಕೇಳಿದಾಗ ನಾನು ಯಾರ ಮಾತು ಹೇಳಲಿ? ನಿದ್ದೆ ಬರುವುದಿಲ್ಲ. ಬಿಡಲೂ ಮನಸ್ಸಾಗುವುದಿಲ್ಲ. ಇಷ್ಟು ದಿನ ಇಲ್ಲಿ ಒಬ್ಬ ಮನುಷ್ಯನಾಗಿ ಇದ್ದೆ.

ಒಂದು ಉಪಕಾರ ಮಾಡು. ನೀನೇ ಗುರಿಕಾರರಿಗೆ ಫೋನ್ ಮಾಡಿ ಹೇಳು. ನೀನು ಹೇಳಿದರೆ ಅವರು ಕೇಳುತ್ತಾರೆ. ಹೇಗೆ ಹೇಳಬೇಕು ಅಂತ ನಿನಗೆ ಗೊತ್ತು. ನನಗೆ ಬಾಯಿ ಬರುವುದಿಲ್ಲ.

ಗೋವರ್ಧನ


ಬೀಜಾಡಿ
12 ಮಾರ್ಚ್ 2025

ಗೋವರ್ಧನ ಅವರಿಗೆ,

ನಿಮ್ಮ ಹೆಸರು ಬರೆದಿದ್ದೇನೆ. ಬಾಯಲ್ಲಿ ಹೇಳಿ ರೂಢಿಯಿಲ್ಲ, ಕೈಗೆ ಬಂತು.

ಉತ್ತರ ಕೊಟ್ಟಿರಿ. ದೊಡ್ಡ ಉಪಕಾರ. ನೋವಾಯಿತು, ಆದರೆ ಕಾಲಡಿಗೆ ನೆಲ ಸಿಕ್ಕ ಹಾಗೂ ಆಯಿತು. ಆ ಮಾತು ದೈವದ್ದಾಗಿದ್ದರೆ ನಾನು ಅಡ್ಡಬಿದ್ದು, ಎದ್ದು, ಹಾಗೆಯೇ ಇರುತ್ತಿದ್ದೆನೇನೋ. ಗಂಡನ ಮಾತಾದ್ದರಿಂದ ನಾನು ಬದಲಾಗಬೇಕು.

ನಾನು ಗುರಿಕಾರರಿಗೆ ಫೋನ್ ಮಾಡುವುದಿಲ್ಲ.

ನಿಮ್ಮ ಕಾಗದ ಓದಿದ ಕೂಡಲೇ ಮಾಡಬೇಕಾದ ಮಾತು ನನ್ನ ತಲೆಯಲ್ಲಿ ತಯಾರಾಗಿತ್ತು. ಎಲ್ಲಿ ಶುರು ಮಾಡಬೇಕು, ಎಲ್ಲಿ ನಿಮ್ಮ ಮರ್ಯಾದೆ ಉಳಿಸಬೇಕು, ಎಲ್ಲಿ ಅವರನ್ನು ಸ್ವಲ್ಪ ನಗಿಸಬೇಕು, ಎಲ್ಲ. ಫೋನ್ ಕೈಯಲ್ಲಿ ಹಿಡಿದಿದ್ದೆ. ಅದು ನನಗೆ ಅಷ್ಟು ಸುಲಭ ಎಂಬುದಕ್ಕೇ ಹೆದರಿ ಕೆಳಗಿಟ್ಟೆ. ಈ ಒಂದು ಮಾತನ್ನೂ ನಾನೇ ಆಡಿದರೆ ಮಂಗಳಾರತಿಯಲ್ಲಿ ನೀವು ಸಿಟ್ಟು ಮಾಡಿದ್ದಕ್ಕೆ ಬೆಲೆಯಿಲ್ಲ. ಬೇಬಿಯತ್ತೆಯ ಕುರ್ಚಿ ನನಗೆ ಬೇಡ.

ನಾನು ಭಾನುವಾರ ಬರುತ್ತೇನೆ. ನಮ್ಮ ಬಾವಿಯ ನೀರು ತರುತ್ತೇನೆ. ಅಂಗಳದಲ್ಲಿ ನಿಲ್ಲುತ್ತೇನೆ. ಗುರಿಕಾರರು ಒಪ್ಪಿಗೆ ಕೇಳಿದರೆ ಬಾಯಿ ತೆರೆಯುವುದಿಲ್ಲ. ನೀವು ಮಾತಾಡುವವರೆಗೆ ತೆರೆಯುವುದಿಲ್ಲ, ಯಾರು ನಕ್ಕರೂ ಸರಿ. ನೀವು ಹೇಳಿದ ಮೇಲೂ ಅವರು ಕಡಗ ಹಾಕುತ್ತಾರಾದರೆ ಮನಸಾರೆ ನೀರು ಹೊಯ್ಯುತ್ತೇನೆ. ಹೇಳದೆಯೇ ಕಡಗಕ್ಕೆ ಕೈ ಚಾಚಿದರೆ ಕೊಡಪಾನ ಕೆಳಗಿಡುತ್ತೇನೆ. ಆಗಲೂ ಕಾರಣ ಹೇಳುವುದಿಲ್ಲ. ಅದು ನಿಮ್ಮದು.

ಕಡಗ ಬರಲಿ, ಬಾರದಿರಲಿ, ಆ ಮೂರು ದಿನ ನಾನು ಮನೆಯೊಳಗೇ ಇರುತ್ತೇನೆ. ಅದು ನನ್ನದು.

ಬೆಳಿಗ್ಗೆ ಮೈ ಹಗುರವಾಗುತ್ತದೆ ಎಂದಿರಲ್ಲ, ಅದು ಕಡಗದಿಂದ ಬಂದದ್ದಲ್ಲ. ಕಡಗ ಇನ್ನೂ ಪೆಟ್ಟಿಗೆಯಲ್ಲಿದೆ.

ರಮಿತಾ


ಮೂಲಸ್ಥಾನ, ಬೈಂದೂರು
17 ಮಾರ್ಚ್ 2025

ಪ್ರೀತಿಯ ರಮಿತಾ,

ಫೋನ್ ಕೊಟ್ಟಿದ್ದಾರೆ. ಆದರೂ ಬರೆಯುತ್ತಿದ್ದೇನೆ. ಫೋನಿನಲ್ಲಾದರೆ ನೀನು "ಊಟ ಆಯ್ತಾ?" ಅಂತ ಕೇಳುತ್ತೀ, ನಾನು ಆಯ್ತು ಅನ್ನುತ್ತೇನೆ, ಅಲ್ಲಿಗೆ ಮುಗಿಯುತ್ತದೆ.

ನಿನ್ನೆಯದ್ದನ್ನು ನೀನೂ ಕಂಡಿದ್ದೀ. ನಾನು ಕಂಡ ಹಾಗೆ ಬರೆಯುತ್ತೇನೆ.

ನೀನು ಕೊಡಪಾನ ಸೊಂಟಕ್ಕಿಟ್ಟು ನಿಂತಿದ್ದೆ. ಗುರಿಕಾರರು "ರಮಿತಾ, ಒಪ್ಗಿಯಾ?" ಅಂದರು. ನೀನು ನನ್ನನ್ನೇ ನೋಡಿದೆ. ಇನ್ನೊಮ್ಮೆ ಕೇಳಿದರು. ಯತೀಶ, "ಅತ್ಗಿ ಮಾತ್ ನಿಂತದ್ ಇವತ್ತೇ ಕಂಡದ್ದ್, ದೈವದ್ ಕಾರಣಿಕ ಅಂದ್ರೆ ಇದೇ" ಅಂದ. ಎಲ್ಲರೂ ನಕ್ಕರು. ನಿನ್ನ ಕುತ್ತಿಗೆ ಕೆಂಪಾಯಿತು. ತುಟಿ ಒಮ್ಮೆ ಅಲುಗಿತು, ನೀನು ಕಚ್ಚಿ ಹಿಡಿದೆ. ನನಗೋಸ್ಕರ ನೀನು ಎಷ್ಟೋ ಮಾತಾಡಿದ್ದೀ. ನನಗೋಸ್ಕರ ಸುಮ್ಮನಿದ್ದದ್ದು ಕಂಡದ್ದು ಅದೇ ಮೊದಲು. ನೋಡಲು ಆಗಲಿಲ್ಲ. ನಿನಗೆ ನಿನ್ನ ತವರಿನ ಜಗಲಿಯಲ್ಲಿ ದೊಡ್ಡಪ್ಪನ ಎದುರು ಹೀಗೇ ಆಗಿರಬೇಕು.

ನನ್ನ ಹೆಬ್ಬೆರಳು ಅಂಗೈ ಒತ್ತುತ್ತಿತ್ತು. ಬಿಡಿಸಿದೆ. "ನಂಗ್ ಎಲ್ಲಾ ನೆನಪಿತ್ತ್" ಅಂದೆ. ಗುರಿಕಾರರು "ಎಂತದ್ ನೆನಪ್?" ಅಂದರು. "ಆ ದಿನ ಹೇಳದ್ ಮಾತ್. ಅದ್ ನಂದ್. ದೈವದ್ದಲ್ಲ." ಅಷ್ಟೇ. ನೀನಾಗಿದ್ದರೆ ಚೆನ್ನಾಗಿ ಹೇಳುತ್ತಿದ್ದೆ. ಬೇಬಿಯತ್ತೆ ಮೂಲೆಯಿಂದ, "ಅಯ್ಯೋ ಮಗಾ, ಎಂತಕ್ ಹೇಳೂಕ್ ಹೋದೆ!" ಅಂದದ್ದು ನಿನಗೂ ಕೇಳಿರಬೇಕು.

ಹೆಂಗಸರನ್ನೆಲ್ಲ ಕಳಿಸಿದ ಮೇಲೆ ಹೂ ಇಟ್ಟು ದೈವದ ಅಪ್ಪಣೆ ಕೇಳಿದರು. ಕಡಗ ಪೆಟ್ಟಿಗೆಯಲ್ಲೇ ಇರಲಿ, ಒಂದು ವರ್ಷ ಕಾಯಲಿ, ಮುಂದಿನ ಪೂಜೆಗೆ ಮತ್ತೆ ದರ್ಶನ ಬಂದರೆ ನೋಡುವ ಅಂತ ಆಯಿತು. ಕೆಲವರು ನನ್ನ ಹತ್ತಿರ ಮಾತಾಡಲಿಲ್ಲ. ಗುರಿಕಾರರು ಹೋಗುವಾಗ ಭುಜ ಮುಟ್ಟಿ ಹೋದರು. ಬೇಸರ ಉಂಟು ರಮಿತಾ. ಇಲ್ಲ ಅಂದರೆ ಮತ್ತೆ ಸುಳ್ಳು. ಆದರೆ ಇವತ್ತು ಬೆಳಿಗ್ಗೆ ಮಿಂದು ನಿಂತಾಗಲೂ ಮೈ ಹಗುರವೇ ಇತ್ತು.

ಮೂರು ದಿನದ ವಿಷಯ ನನ್ನ ಮನಸ್ಸು ಇನ್ನೂ ನಿನ್ನಷ್ಟು ಗಟ್ಟಿ ಇಲ್ಲ. ಬಂದ ಮೇಲೆ ಜಗಳ ಮಾಡುವ. ಈ ಸಲ ಇಬ್ಬರೂ ಮಾತಾಡುವ.

ವ್ರತ ಬಿಡಿಸುವ ಕ್ರಮ ಮುಗಿಸಿ ಗುರುವಾರ ಬರುತ್ತೇನೆ. ಆ ನೀರು ಎಂತ ಮಾಡಿದೆ?

ಗೋವರ್ಧನ


ಬೀಜಾಡಿ
19 ಮಾರ್ಚ್ 2025

ಪ್ರೀತಿಯ ಗೋವರ್ಧನ ಅವರಿಗೆ,

ಚೆಲ್ಲಲಿಲ್ಲ. ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದೆ. ಸೀರೆಯೆಲ್ಲ ಒದ್ದೆ. ಬಾವಿಕಟ್ಟೆಯ ಮೇಲೆ ಬಾಳೆಲೆ ಮುಚ್ಚಿ ಇಟ್ಟಿದ್ದೇನೆ.

ಅದನ್ನು ಏನು ಮಾಡಬಹುದೆಂದು ನನಗೆ ಮೂರು ಯೋಚನೆ ಬಂತು. ಮೂರೂ ಚೆನ್ನಾಗಿಯೇ ಇದ್ದವು. ಒಂದನ್ನು ಅರ್ಧ ಬರೆದು ಹೊಡೆದು ಹಾಕಿದ್ದೇನೆ, ಮೇಲೆ ಗೀಚಿದ್ದು ಕಾಣುತ್ತದೆ.

ಗುರುವಾರ ಬನ್ನಿ. ಅಂಗಳದಲ್ಲಿ ಕಾಲು ತೊಳೆಯುವ ಮೊದಲು ಬಾವಿಕಟ್ಟೆಯ ಹತ್ತಿರ ಬನ್ನಿ. ನಾನು ಅಲ್ಲಿರುತ್ತೇನೆ. ಏನು ಮಾಡುವುದೆಂದು ನೀವು ಹೇಳಿ.

ಅಲ್ಲಿವರಿಗೆ ನಾ ಕಾಯ್ತೆ.

ರಮಿತಾ